ರಾಮನಗರ ಸೀಮೆಯ ರಣಭೂಮಿಗಳು: ಕಾಲನಿರ್ಣಯ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲೂ ಅವುಗಳ ಅಂಚಿನಲ್ಲೂ ನಡೆದ ಕಾಳಗಗಳ ಕಾಲ ಮತ್ತು ಸ್ಥಳವನ್ನು ಶಾಸನ, ವೀರಗಲ್ಲು, ಕೋಟೆ, ನಾಣ್ಯ, ಸೇನಾ ವರದಿ, ಚಿತ್ರಗಳಿಂದ ಗೊತ್ತುಮಾಡುವ ವಿಚಾರ. ಬೆಂಗಳೂರಿನಿಂದ ಕಾವೇರಿಯ ಕಡೆಗೆ ಇಳಿಯುವ ದಾರಿಗಳೆಲ್ಲ ಈ ಸೀಮೆಯನ್ನು ಹಾದೇ ಹೋಗಬೇಕು. ಅರ್ಕಾವತಿ, ಕಣ್ವ, ಶಿಂಷಾ ಹೊಳೆಗಳ ನಡುವೆ ಬರಿಬಂಡೆಯ ಬೆಟ್ಟಗಳು ಎದ್ದು ನಿಂತಿವೆ. ಹಲವು ದೊಡ್ಡ ಬಂಡೆಗಳ ನೆತ್ತಿಯಲ್ಲಿ ಯಾವುದೋ ಕಾಲದ ಗೋಡೆಯ ಗುರುತು ಕಾಣುತ್ತದೆ. ಗಂಗರು, ಚೋಳರು, ಹೊಯ್ಸಳರು, ವಿಜಯನಗರದ ಸಾಮಂತರು, ಮಾಗಡಿಯ ಕೆಂಪೇಗೌಡರು, ಮೈಸೂರಿನ ದಳವಾಯಿಗಳು, ಮರಾಠರು, ಹೈದರ್, ಟಿಪ್ಪು, ಕಂಪನಿ ಸರ್ಕಾರ ಎಲ್ಲರೂ ಇಲ್ಲಿ ದಾರಿಗಾಗಿ ಹೊಡೆದಾಡಿದವರೇ. ಈ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿ 2007ರಲ್ಲಿ ರಾಮನಗರ ಜಿಲ್ಲೆ ಆಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು.

ಒಂದು ಕಾಳಗದ ಬಗ್ಗೆ ನಾವು ಕೇಳುವ ಪ್ರಶ್ನೆಗಳು ಮೂರು: ಯಾವ ದಿನ, ಯಾವ ಜಾಗ, ಸತ್ತವರು ಯಾರು. ಮೂರಕ್ಕೂ ಉತ್ತರ ಕೊಡುವ ಸಾಕ್ಷಿ ಈ ಸೀಮೆಯಲ್ಲಿ ಒಂದೂ ಇಲ್ಲ. ಕಾಗದ ದಿನವನ್ನು, ಕೆಲವೊಮ್ಮೆ ಗಂಟೆಯನ್ನೂ ಹೇಳುತ್ತದೆ. ಸೋತವರ ಹೆಸರು ಹೇಳುವುದಿಲ್ಲ. ವೀರಗಲ್ಲು ಸತ್ತವನ ಹೆಸರು, ಅವನ ಒಡೆಯನ ಹೆಸರು, ಅವನ ಮನೆಗೆ ಬಿಟ್ಟ ಹೊಲ ಎಲ್ಲವನ್ನೂ ಹೇಳಿ ದಿನವನ್ನು ಬಿಟ್ಟುಬಿಡುತ್ತದೆ. ಜಾಗವನ್ನು ನೆಲವೇ ಹೇಳಬೇಕು. ಕಾಲನಿರ್ಣಯವೆಂದರೆ ಈ ಮೂವರನ್ನು ಎದುರುಬದುರು ನಿಲ್ಲಿಸಿ ಪಾಟೀಸವಾಲು ಮಾಡುವ ಕೆಲಸ.

ರೋಮನ್ ಮಾದರಿ

ಈ ವಿಧಾನ ಹೆಚ್ಚು ಬೆಳೆದಿರುವುದು ಯುರೋಪಿನ ರೋಮನ್ ರಣಭೂಮಿಗಳಲ್ಲಿ. ವಾರಸ್ ಎಂಬ ಸೇನಾನಿಯ ಮೂರು ಲೀಜನ್‌ಗಳು ಕ್ರಿ.ಶ. 9ರಲ್ಲಿ ಜರ್ಮನಿಯ ಕಾಡಿನಲ್ಲಿ ನಾಶವಾದ ಕಥೆ ಗ್ರಂಥಗಳಲ್ಲಿ ಉಳಿದಿತ್ತು, ಜಾಗ ಕಳೆದುಹೋಗಿತ್ತು. 1987ರಲ್ಲಿ ಟೋನಿ ಕ್ಲನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಲೋಹಶೋಧಕ ಹಿಡಿದು ಹುಡುಕಿದಾಗ ಕಾಲ್ಕ್ರೀಸೆ ಎಂಬಲ್ಲಿ ರೋಮನ್ ನಾಣ್ಯಗಳೂ ಸೀಸದ ಕವಣೆಗುಂಡುಗಳೂ ಸಿಕ್ಕವು. ಕೆಲವು ನಾಣ್ಯಗಳ ಮೇಲೆ ವಾರಸ್‌ನ ಹೆಸರಿನ ಒತ್ತುಮುದ್ರೆ ಇತ್ತು. ಆದರೆ ಕ್ರಿ.ಶ. 15ರಲ್ಲಿ ಜರ್ಮಾನಿಕಸ್ ಅದೇ ಪ್ರದೇಶದಲ್ಲಿ ಮತ್ತೆ ಕಾದಿದ್ದ. ಆರು ವರ್ಷದ ಅಂತರವನ್ನು ನಾಣ್ಯದಿಂದ ಬಿಡಿಸುವುದು ಕಷ್ಟ, ಅದಕ್ಕೇ ಅಲ್ಲಿನ ಚರ್ಚೆ ಇನ್ನೂ ಆರಿಲ್ಲ. ಅದೇ ದೇಶದ ಹಾರ್ಜ್‌ಹಾರ್ನ್ ರಣಭೂಮಿ 2008ರಲ್ಲಿ ಬೆಳಕಿಗೆ ಬಂತು. ಅಲ್ಲಿ ಸಿಕ್ಕ ಅಲೆಕ್ಸಾಂಡರ್ ಸೆವೆರಸ್‌ನ ನಾಣ್ಯದಿಂದ ಕಾಳಗ ಮೂರನೆಯ ಶತಮಾನದ್ದೆಂದು ತಿಳಿಯಿತು. ಅಷ್ಟು ತಡವಾಗಿ ರೋಮನ್ನರು ಅಷ್ಟು ಒಳಗೆ ನುಗ್ಗಿದ್ದರೆಂದು ಹೇಳುತ್ತಿದ್ದ ಹಳೆಯ ಬರಹಗಳನ್ನು ಉತ್ಪ್ರೇಕ್ಷೆಯೆಂದು ಬದಿಗಿಟ್ಟಿದ್ದ ವಿದ್ವಾಂಸರು ಅವನ್ನು ಮತ್ತೆ ತೆಗೆದು ಓದಬೇಕಾಯಿತು.

ಇಲ್ಲಿನ ಮೂಲ ನಿಯಮ ಸರಳ. ಒಂದು ಪದರದಲ್ಲಿ ಸಿಕ್ಕ ಅತ್ಯಂತ ಈಚಿನ ನಾಣ್ಯ, ಆ ಪದರ ಅದಕ್ಕಿಂತ ಹಿಂದಿನದಲ್ಲ ಎಂದಷ್ಟೇ ಹೇಳುತ್ತದೆ. ಎಷ್ಟು ಈಚಿನದೆಂದು ಹೇಳುವುದಿಲ್ಲ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಮೊದಲಾದವರ 163 ಬೆಳ್ಳಿ ನಾಣ್ಯಗಳ ಗಡಿಗೆ ಸಿಕ್ಕಿತು. ಅದನ್ನು ಹೂತದ್ದು ಕ್ಲಾಡಿಯಸ್‌ನ ಕಾಲಕ್ಕಿಂತ ಮೊದಲಲ್ಲ ಎಂಬುದು ಖಚಿತ. ರೋಮಿನ ಸೈನಿಕ ಇಲ್ಲಿಗೆ ಬಂದಿದ್ದ ಎಂಬ ತೀರ್ಮಾನ ಅದರಿಂದ ಹೊರಡುವುದಿಲ್ಲ. ಅದು ವ್ಯಾಪಾರದ ಹಣ.

ಹೆಸರಿದೆ, ದಿನವಿಲ್ಲ

ಬಿ. ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟ (1905) ಮಾಗಡಿ, ಚನ್ನಪಟ್ಟಣ, ಕನಕಾನಹಳ್ಳಿ ತಾಲ್ಲೂಕುಗಳ ಶಾಸನಗಳನ್ನು ಒಟ್ಟುಮಾಡಿದೆ. ಕನಕಾನಹಳ್ಳಿ ಎಂದರೆ ಇಂದಿನ ಕನಕಪುರ. ಈ ಸೀಮೆಯ ಹಳ್ಳಿಗಳಲ್ಲಿ ಕೆರೆಯ ಏರಿ, ಗುಡಿಯ ಹಿತ್ತಿಲು, ಹೊಲದ ಬದುಗಳಲ್ಲಿ ನಿಂತಿರುವ ವೀರಗಲ್ಲುಗಳಲ್ಲಿ ಅಕ್ಷರವಿರುವವು ಕಡಿಮೆ, ಬರೀ ಚಿತ್ರವಿರುವವು ಹೆಚ್ಚು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ವೀರಲೋಕ. ಅಕ್ಷರವಿರುವ ಕಲ್ಲುಗಳಲ್ಲಿ ಬರುವ ತುರುಗೊಳ್ ಎಂದರೆ ದನ ಹೊಡೆದೊಯ್ದವರ ಮೇಲೆ ಬಿದ್ದ ಜಗಳ, ಊರಳಿವು ಎಂದರೆ ಊರಿನ ಮೇಲಾದ ದಾಳಿ, ಪೆಣ್ಬುಯ್ಯಲ್ ಎಂದರೆ ಹೆಂಗಸರ ಮಾನ ಕಾಯಲು ನಡೆದ ಹೋರಾಟ. ದೊಡ್ಡ ಅರಸರ ಚರಿತ್ರೆಯಲ್ಲಿ ಇವುಗಳಿಗೆ ಜಾಗವಿಲ್ಲ. ಆದರೂ ಈ ಸೀಮೆಯ ನಿಜವಾದ ಯುದ್ಧಚರಿತ್ರೆಯ ಬಹುಭಾಗ ಇವೇ ಎಂದು ಹೇಳಬೇಕು.

ಕಾಲ ನಮೂದಿಸದ ಕಲ್ಲನ್ನು ಓದುವವನಿಗೆ ಮೊದಲ ಆಸರೆ ಲಿಪಿ. ತಲೆಕಟ್ಟಿನ ಆಕಾರ, ಅಕ್ಷರಗಳ ದುಂಡುತನ, ಹಳಗನ್ನಡದ ೞ ಮತ್ತು ಱ ಉಳಿದಿವೆಯೇ ಎಂಬುದನ್ನು ನೋಡಿ ಶತಮಾನ ಹೇಳಬಹುದು, ವರ್ಷ ಹೇಳಲಾಗದು. ಐವತ್ತು ವರ್ಷ ಆಚೀಚೆ ಆಗುವುದು ಸಹಜ. ಆಮೇಲೆ ಅರಸನ ಹೆಸರು, ಬಿರುದು. ಕಡೆಯದಾಗಿ ಶಿಲ್ಪ: ಕುದುರೆಯ ಜೀನು, ಬಿಲ್ಲಿನ ಬಗೆ, ಗುರಾಣಿಯ ಆಕಾರ. ಶಿಲ್ಪದ ಮಾತನ್ನು ಮಾತ್ರ ಎಚ್ಚರದಿಂದ ಕೇಳಬೇಕು, ಏಕೆಂದರೆ ಕಲ್ಲುಕುಟಿಗ ತಾನು ಕಲಿತದ್ದನ್ನು ಕೆತ್ತುತ್ತಾನೆ, ಕಂಡದ್ದನ್ನಲ್ಲ.

ಬೆಂಗಳೂರಿನ ಬೇಗೂರಿನ ಕಲ್ಲುಗಳು ಇದಕ್ಕೆ ಒಳ್ಳೆಯ ಉದಾಹರಣೆ. ಗಂಗ ಎರೆಯಪ್ಪನ ಅಪ್ಪಣೆಯಂತೆ ನಾಗತ್ತರನೆಂಬವನು ತುಂಬೆಪಾಡಿಯಲ್ಲಿ ವೀರಮಹೇಂದ್ರನ ಪಡೆಯ ಎದುರು ಕಾದಿ ಸತ್ತ. ಆಮೇಲೆ ಎರೆಯಪ್ಪ ಇರುಗನೆಂಬವನಿಗೆ ನಾಗತ್ತರ ಪಟ್ಟ ಕಟ್ಟಿ ಬೆಂಪೂರು ಹನ್ನೆರಡು ಹಳ್ಳಿಗಳನ್ನು ಕಲ್ನಾಡಾಗಿ, ಅಂದರೆ ವೀರನ ನೆನಪಿಗೆ ಬಿಡುವ ಭೂಮಿಯಾಗಿ, ಕೊಟ್ಟ. ಆ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೇಗೂರಿನಲ್ಲೇ ಇರುವ ಇನ್ನೊಂದು ಕಲ್ಲಿನಲ್ಲಿ ಬೆಂಗಳೂರಿನ ಕಾಳಗವೊಂದರ ಪ್ರಸ್ತಾಪ ಬರುತ್ತದೆ. ಬೆಂಗಳೂರೆಂಬ ಹೆಸರು ಕೆಂಪೇಗೌಡನಿಗಿಂತ ಶತಮಾನಗಳಷ್ಟು ಹಳೆಯದೆಂದು ನಾಡು ತಿಳಿದದ್ದು ಇದರಿಂದಲೇ. ಎರಡು ಕಲ್ಲಿನಲ್ಲೂ ಶಕವರ್ಷವಿಲ್ಲ. ವೀರಮಹೇಂದ್ರ ಯಾರೆಂದು ಗುರುತಿಸುವುದರ ಮೇಲೆ ಕಾಲ ಹಿಂದೆ ಮುಂದೆ ಸರಿಯುತ್ತದೆ. ಲಿಪಿಯನ್ನೂ ಎರೆಯಪ್ಪನ ಆಳ್ವಿಕೆಯನ್ನೂ ಕೂಡಿಸಿ ಸುಮಾರು 890ರ ಆಸುಪಾಸು ಎನ್ನುವುದು ವಾಡಿಕೆ. ಆ ‘ಸುಮಾರು’ ಎಂಬ ಮಾತನ್ನು ಬಿಟ್ಟು ಬರೆಯುವ ಪುಸ್ತಕಗಳು ಓದುಗರಿಗೆ ಅನ್ಯಾಯ ಮಾಡುತ್ತವೆ.

ಚನ್ನಪಟ್ಟಣದ ಪಡುವಣ ಮಗ್ಗುಲಲ್ಲಿ, ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಇದಕ್ಕೆ ತದ್ವಿರುದ್ಧ. ಅಲ್ಲಿ ವರ್ಷ ಸ್ಪಷ್ಟವಾಗಿದೆ: ಶಕ 872, ಸೌಮ್ಯ ಸಂವತ್ಸರ. ರಾಷ್ಟ್ರಕೂಟ ಮೂರನೆಯ ಕೃಷ್ಣ ಚೋಳ ರಾಜಾದಿತ್ಯನ ಮೇಲೆ ಏರಿಹೋದಾಗ ತಕ್ಕೋಲದಲ್ಲಿ ಗಂಗ ಬೂತುಗ ರಾಜಾದಿತ್ಯನನ್ನು ಕೊಂದನೆಂದು ಕಲ್ಲು ಹೇಳುತ್ತದೆ. ಬೂತುಗನ ಬಂಟ ಮಣಲೆರ ಆ ಕಾಳಗದಲ್ಲಿ ಮೆರೆದ; ಬೇಕಾದ್ದನ್ನು ಕೇಳೆಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಒಂದು ಕಾಡುಹಂದಿಯ ಮೇಲೆ ಬಿದ್ದು, ಹಂದಿ ನಾಯಿ ಎರಡೂ ಸತ್ತವು. ಕಲ್ಲು ನಿಲ್ಲಿಸಿದ್ದು ಆ ನಾಯಿಯ ನೆನಪಿಗೆ, ಮೇಲ್ಗಡೆ ನಾಯಿ ಮತ್ತು ಹಂದಿಯ ಚಿತ್ರವೇ ಇದೆ. ದಕ್ಷಿಣ ಭಾರತದ ಒಂದು ದೊಡ್ಡ ಯುದ್ಧದ ಕಾಲ ನಮಗೆ ಖಚಿತವಾಗಿ ಸಿಕ್ಕಿದ್ದು ಒಂದು ನಾಯಿಯ ಸ್ಮಾರಕದಿಂದ.

ಇಲ್ಲಿ ಎರಡು ಪಾಠಗಳಿವೆ. ಶಕ 872ಕ್ಕೆ ಕಣ್ಣುಮುಚ್ಚಿ 78 ಕೂಡಿಸಿದರೆ 950 ಬರುತ್ತದೆ. ಆದರೆ ಅರವತ್ತು ಸಂವತ್ಸರಗಳ ಚಕ್ರದಲ್ಲಿ ಸೌಮ್ಯ ಬರುವುದು 949–50ಕ್ಕೆ. ಅಂದರೆ ಬರೆದವರು ನಡೆಯುತ್ತಿದ್ದ ವರ್ಷವನ್ನು ಲೆಕ್ಕ ಹಿಡಿದಿದ್ದಾರೆ, ಕಳೆದ ವರ್ಷವನ್ನಲ್ಲ. ಸಂವತ್ಸರದ ಹೆಸರು ಇಲ್ಲದಿದ್ದರೆ ಈ ಒಂದು ವರ್ಷದ ತಪ್ಪು ಹಾಗೇ ಉಳಿಯುತ್ತಿತ್ತು. ಎರಡನೆಯದು, ಕಲ್ಲು ಸಿಕ್ಕಿದ್ದು ಆತಕೂರಿನಲ್ಲಿ. ತಕ್ಕೋಲ ಇರುವುದು ತಮಿಳುನಾಡಿನ ಅರಕ್ಕೋಣದ ಬಳಿ. ಸ್ಮಾರಕ ಸಿಕ್ಕ ಜಾಗವೇ ರಣಭೂಮಿ ಎಂದು ಹಿಡಿದರೆ ಕಾಳಗ ನೂರಾರು ಕಿಲೋಮೀಟರ್ ದೂರ ಸರಿದುಬಿಡುತ್ತದೆ. ಸೋತ ಚೋಳರ ಕಡೆಯ ತಾಮ್ರಪಟಗಳೂ ರಾಜಾದಿತ್ಯ ಆನೆಯ ಮೇಲಿದ್ದಾಗ ಸತ್ತನೆಂದು ಒಪ್ಪಿಕೊಂಡಿವೆ. ಎರಡೂ ಕಡೆಯವರು ಒಪ್ಪಿದ ಸಂಗತಿಗಿಂತ ಗಟ್ಟಿಯಾದದ್ದು ಪ್ರಾಚೀನ ಚರಿತ್ರೆಯಲ್ಲಿ ಸಿಗುವುದು ಅಪರೂಪ.

ಸಾವನದುರ್ಗ: ಗಂಟೆಯವರೆಗೂ ಗೊತ್ತಿರುವ ಕಾಳಗ

ಮಾಗಡಿ ತಾಲ್ಲೂಕಿನ ಸಾವನದುರ್ಗ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಏಕಶಿಲಾ ಬೆಟ್ಟ. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ನೆತ್ತಿ. ನಡುವೆ ಆಳವಾದ ಕೊರಕಲು. ಹೆಸರಿನಿಂದಲೇ ಕಾಲದ ಲೆಕ್ಕ ಶುರುವಾಗುತ್ತದೆ. ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ 1340ರ ಮಾಡಬಾಳು ಶಾಸನ ಇದನ್ನು ಸಾವಂದಿ ಎನ್ನುತ್ತದೆ. 1794ರಲ್ಲಿ ಮೈಸೂರಿನ ದೃಶ್ಯಗಳ ಪುಸ್ತಕ ಹೊರತಂದ ಚಿತ್ರಕಾರ ರಾಬರ್ಟ್ ಹೋಮ್ ಇದನ್ನು ಸಾವಿನ ದುರ್ಗ ಎಂದು ಕೇಳಿಸಿಕೊಂಡು ಹಾಗೇ ಅರ್ಥ ಬರೆದ. ಬ್ರಿಟಿಷರಿಗೆ ಆ ಅರ್ಥ ತುಂಬ ಹಿಡಿಸಿತು, ಗೆದ್ದವನಿಗೆ ಗೆದ್ದ ಕೋಟೆ ಭಯಂಕರವಾಗಿದ್ದಷ್ಟೂ ಒಳ್ಳೆಯದು. ಅದಕ್ಕಿಂತ ನಾಲ್ಕೂವರೆ ಶತಮಾನ ಹಿಂದಿನ ಕಲ್ಲಿನಲ್ಲಿ ಸಾವಿನ ಸುಳಿವೇ ಇಲ್ಲ.

ಕೋಟೆಯ ಗೋಡೆಗಳು ಒಂದೇ ಕಾಲದವಲ್ಲ. 1638ರಲ್ಲಿ ಬಿಜಾಪುರದ ರಣದುಲ್ಲಾಖಾನನಿಗೆ ಬೆಂಗಳೂರು ಬಿಟ್ಟುಕೊಟ್ಟ ಕೆಂಪೇಗೌಡರ ಮನೆತನ ಮಾಗಡಿಗೆ ಸರಿದು ಇದನ್ನು ತಮ್ಮ ಬಲವಾಗಿ ಮಾಡಿಕೊಂಡಿತು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜ ಮಾಗಡಿಯನ್ನು ಹಿಡಿದ. ಕೊನೆಯ ಕೆಂಪೇಗೌಡ ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಂಡ. ಬಾಣ ಬಿಡಲು ಮಾಡಿದ ಕಿಂಡಿ, ಕೋವಿಗೆ ಹೊಂದಿಸಿದ ಕಿಂಡಿ, ಫಿರಂಗಿಗಾಗಿ ಅಗಲಿಸಿದ ಕೊತ್ತಲ ಇವು ಮೂರು ಬೇರೆ ಬೇರೆ ಕಾಲ. ಗಾರೆಯಿಲ್ಲದೆ ಕೂರಿಸಿದ ದೊಡ್ಡ ಕಲ್ಲಿನ ಸಾಲಿನ ಮೇಲೆ ಇಟ್ಟಿಗೆ ಗಾರೆಯ ಕೈಪಿಡಿ ಗೋಡೆ ಕೂತಿದ್ದರೆ ಯಾವುದು ಮೊದಲು ಎಂದು ಯಾರಾದರೂ ಹೇಳಬಹುದು. ಒಂದರ ಮೇಲೊಂದು ಕೂತಿರುವ ಈ ಕ್ರಮವೇ ಪುರಾತತ್ವದ ಅಕ್ಷರಮಾಲೆ.

1791ರ ಮಾರ್ಚ್ 21ರಂದು, ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಂಪನಿ ಸೇನೆಯ ಮುಖ್ಯಸ್ಥ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಮೇ 15ರಂದು ಅರಕೆರೆಯಲ್ಲಿ ಟಿಪ್ಪುವಿನ ಎದುರು ಗೆದ್ದರೂ ಎತ್ತು, ದವಸ, ಮಳೆ ಎಲ್ಲ ಕೈಕೊಟ್ಟು ಹಿಂದಿರುಗಬೇಕಾಯಿತು. ಮುಂದಿನ ದಂಡಯಾತ್ರೆಗೆ ಸರಬರಾಜಿನ ದಾರಿ ಕಾಯಬೇಕಿತ್ತು. ಆ ದಾರಿಯನ್ನು ಮೇಲಿನಿಂದ ನೋಡುತ್ತಿದ್ದದ್ದು ಸಾವನದುರ್ಗ, ಹುತ್ರಿದುರ್ಗ, ರಾಮಗಿರಿಗಳು. ಕರ್ನಲ್ ಜೇಮ್ಸ್ ಸ್ಟುವರ್ಟ್‌ನ ಪಡೆ ಡಿಸೆಂಬರ್ 10ರ ಹೊತ್ತಿಗೆ ಸಾವನದುರ್ಗದ ಬಳಿ ಬಿಡಾರ ಹೂಡಿತು. ಬೆಟ್ಟದ ಸುತ್ತ ಮೈಲಿಗಟ್ಟಲೆ ಬಿದಿರುಮೆಳೆಯ ಕಾಡು. ಫಿರಂಗಿಗಳನ್ನು ಎಳೆಯಲು ಆ ಕಾಡನ್ನು ಕಡಿದು ದಾರಿ ಮಾಡುವುದರಲ್ಲೇ ಒಂದು ವಾರ ಹೋಯಿತು. 17ರಂದು ಗುಂಡಿನ ದಾಳಿ ಶುರುವಾಗಿ ಗೋಡೆ ಬಿರುಕುಬಿಟ್ಟಿತು. 21ರ ಬೆಳಿಗ್ಗೆ 11 ಗಂಟೆಗೆ ಎರಡು ಫಿರಂಗಿಗಳ ಸಂಕೇತದೊಂದಿಗೆ, ಲೆಫ್ಟಿನೆಂಟ್ ಕರ್ನಲ್ ನಿಸ್ಬೆಟ್‌ನ ಮುಂದಾಳುತನದಲ್ಲಿ, 52ನೆಯ ರೆಜಿಮೆಂಟಿನ ವಾದ್ಯದವರು ನುಡಿಸುತ್ತಿದ್ದಂತೆ, ಸೈನಿಕರು ಏರಿದರು. ಒಂದು ಗಂಟೆಯೊಳಗೆ ಎರಡೂ ನೆತ್ತಿಗಳು ಬಿದ್ದವು. ಮುಂದಿನ ಕೆಲವೇ ದಿನಗಳಲ್ಲಿ ರಾಮಗಿರಿ, ಶಿವನಗಿರಿ ಕೈವಶವಾದವು. 24ರಂದು ಹುತ್ರಿದುರ್ಗವೂ ಹೋಯಿತು.

ಇಷ್ಟು ವಿವರ ಬರುವುದು ಮುಖ್ಯವಾಗಿ ಮೇಜರ್ ಅಲೆಕ್ಸಾಂಡರ್ ಡಿರೋಮ್ 1793ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ದಂಡಯಾತ್ರೆಯ ಕಥನದಿಂದ. ಅವನು ಆ ಸೇನೆಯ ಜೊತೆಗಿದ್ದ ಅಧಿಕಾರಿ, ಘಟನೆಗೂ ಬರಹಕ್ಕೂ ಎರಡೇ ವರ್ಷದ ಅಂತರ. ಮಾರ್ಕ್ ವಿಲ್ಕ್ಸ್‌ನ ಮೈಸೂರು ಇತಿಹಾಸ 1810ರಿಂದ 1817ರವರೆಗೆ ಸಂಪುಟಗಳಾಗಿ ಬಂತು. ಟಿಪ್ಪುವಿನ ಕಡೆಯಿಂದ ಮೀರ್ ಹುಸೇನ್ ಅಲಿ ಖಾನ್ ಕಿರ್ಮಾನಿಯ ಪಾರಸಿ ಚರಿತ್ರೆ ಇದೆ. ಅದು ಟಿಪ್ಪು ಸತ್ತ ಮೇಲೆ ಬರೆದದ್ದು. ದಿನದ ವಿಷಯದಲ್ಲಿ ಡಿರೋಮ್‌ನನ್ನು ನಂಬಬಹುದು. 1791ರ ಡಿಸೆಂಬರ್ 21 ಬುಧವಾರ. ಶಕ 1713, ವಿರೋಧಿಕೃತ್ ಸಂವತ್ಸರ, ಮಾರ್ಗಶಿರ ಬಹುಳ. ಹಿಜರಿ 1206ರ ರಬಿ ಉಸ್ಸಾನಿ ತಿಂಗಳ ಕೊನೆಯ ವಾರ. ಮೂರು ಪಂಚಾಂಗಗಳನ್ನು ಹೀಗೆ ಪಕ್ಕದಲ್ಲಿಟ್ಟುಕೊಂಡರೆ ಯಾವ ಭಾಷೆಯ ಕಾಗದ ಕೈಗೆ ಬಂದರೂ ತಾಳೆ ನೋಡಬಹುದು.

ಎಣಿಕೆಯ ವಿಷಯದಲ್ಲಿ ಹಾಗಲ್ಲ. ಇಂಗ್ಲಿಷರ ಕಡೆ ಒಬ್ಬ ಸೈನಿಕನಿಗೆ ಗಾಯವಾಯಿತು, ಕೋಟೆಯ ಕಡೆ ನೂರಕ್ಕೂ ಹೆಚ್ಚು ಮಂದಿ ಸತ್ತರು, ಓಡುವಾಗ ಎಷ್ಟೋ ಜನ ಬಂಡೆಯಿಂದ ಬಿದ್ದರು ಎಂದು ವರದಿ. ಆ ನೂರು ಜನ ಯಾರು? ಮಾಗಡಿಯ ಬೇಡರೋ, ಚನ್ನಪಟ್ಟಣದ ಕಡೆಯ ಕಂದಾಚಾರ ಕಾಲಾಳುಗಳೋ, ದೂರದ ಸಿಪಾಯಿಗಳೋ? ಕಾಗದ ಹೆಸರು ಹೇಳುವುದಿಲ್ಲ. ಅದಕ್ಕೂ ಒಂಬತ್ತು ಶತಮಾನ ಹಿಂದೆ ಸತ್ತ ನಾಗತ್ತರನ ಹೆಸರು ನಮಗೆ ಗೊತ್ತು. ಗಂಟೆ ಸಮೇತ ಗೊತ್ತಿರುವ ಕಾಳಗದಲ್ಲಿ ಸತ್ತವರ ಹೆಸರು ಗೊತ್ತಿಲ್ಲ. ಈ ನಾಲ್ಕು ತಾಲ್ಲೂಕುಗಳ ಯುದ್ಧಚರಿತ್ರೆ ಬರೆಯುವವರು ಎದುರಿಸಬೇಕಾದ ನೋವಿನ ಕೊರತೆ ಇದೇ ಎಂಬುದು ಈ ಲೇಖಕನ ಅಭಿಪ್ರಾಯ.

ಚಿತ್ರಗಳೂ ಆಕರವೇ. ಹೋಮ್ ಸೇನೆಯ ಜೊತೆ ನಡೆದು ಬೆಟ್ಟಗಳನ್ನು ಬರೆದ. ರಾಬರ್ಟ್ ಕೋಲ್‌ಬ್ರೂಕ್‌ನೂ ಬರೆದ. ಅವರು ಚಿತ್ರ ಬರೆದ ದಿಕ್ಕಿನಲ್ಲಿ ನಿಂತು ಇಂದಿನ ಗೋಡೆಯ ಸಾಲನ್ನು ಚಿತ್ರಕ್ಕೆ ಹೊಂದಿಸಿದರೆ ಯಾವ ಗೋಡೆ ಆಗ ಇತ್ತು, ಯಾವುದು ಬಿದ್ದಿತ್ತು ಎಂದು ತಿಳಿಯುತ್ತದೆ. ಬಂಡೆಯ ಅಂಚು ಇನ್ನೂರು ವರ್ಷದಲ್ಲಿ ಬದಲಾಗುವುದಿಲ್ಲ. ಕಾಡು ಬದಲಾಗುತ್ತದೆ, ಆದ್ದರಿಂದ ಮರಗಳನ್ನು ನಂಬಬಾರದು.

ಲೋಹ, ನಾಣ್ಯ, ಮಣ್ಣು

ರಣಭೂಮಿಯನ್ನು ಲೋಹಶೋಧಕದಿಂದ ಚೌಕಚೌಕವಾಗಿ ಹುಡುಕಿ, ಪ್ರತಿ ಗುಂಡು ಬಿದ್ದ ಜಾಗವನ್ನು ನಕ್ಷೆಯಲ್ಲಿ ಗುರುತಿಸುವ ಪದ್ಧತಿ 1984ರಲ್ಲಿ ಅಮೆರಿಕದ ಲಿಟಲ್ ಬಿಗ್‌ಹಾರ್ನ್‌ನಲ್ಲಿ ಹೆಸರು ಮಾಡಿತು. ಸಾವನದುರ್ಗದಂಥ ಕಡೆ ಸೀಸದ ಗುಂಡುಗಳು ಮೊದಲ ಸಾಕ್ಷಿ. ಕಂಪನಿ ಸೇನೆಯ ಬ್ರೌನ್ ಬೆಸ್ ಕೋವಿಯ ನಳಿಗೆ ಮುಕ್ಕಾಲು ಅಂಗುಲ, ಅದರ ಗುಂಡು ಅದಕ್ಕಿಂತ ಸ್ವಲ್ಪ ಸಣ್ಣದು. ಹಾರಿಸದ ಗುಂಡು ದುಂಡಗಿರುತ್ತದೆ. ಬಂಡೆಗೆ ಬಡಿದದ್ದು ಚಪ್ಪಟೆ. ಚಪ್ಪಟೆ ಗುಂಡುಗಳು ಗುಂಪಾಗಿ ಸಿಕ್ಕ ಕಡೆ ಯಾರೋ ಬಚ್ಚಿಟ್ಟುಕೊಂಡು ಎದುರಿಸುತ್ತಿದ್ದರು. ಮುತ್ತಿಗೆಯ 18 ಪೌಂಡಿನ ಫಿರಂಗಿಯ ಗುಂಡು ಸುಮಾರು 8.2 ಕಿಲೋ ತೂಗುತ್ತದೆ. ಟಿಪ್ಪುವಿನ ಕಡೆಯ ಆಯುಧಗಳಿಗೆ ಹೋಲಿಕೆಯ ವಸ್ತು ನಾಡಿನಲ್ಲೇ ಇದೆ: 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು ಸಿಕ್ಕವು.

ಟಿಪ್ಪುವಿನ ತಾಮ್ರದ ಆನೆ ಕಾಸು ಎಚ್ಚರ ತಪ್ಪಿದವರನ್ನು ದಾರಿ ತಪ್ಪಿಸುತ್ತದೆ. ಸುಮಾರು 1787ರಲ್ಲಿ ಅವನು ಹಿಜರಿಯನ್ನು ಬಿಟ್ಟು ಮೌಲೂದಿ ಎಂಬ ತನ್ನದೇ ಗಣನೆಯನ್ನು 1215ರಿಂದ ನಾಣ್ಯಗಳಲ್ಲಿ ಬಳಸತೊಡಗಿದ. ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಅದನ್ನು ಹಿಜರಿ 1215 ಎಂದು ಓದಿದರೆ 1800–01 ಆಗುತ್ತದೆ. ಟಿಪ್ಪು ಸತ್ತದ್ದು 1799ರ ಮೇ 4ರಂದು! ಸತ್ತ ಅರಸ ಕಾಸು ಹೊಡೆಸಿದಂತೆ ಕಂಡರೆ ತಪ್ಪು ಓದುಗನದು.

ಈ ಸೀಮೆಯ ನೆಲಕ್ಕೆ ಅದರದೇ ಕಷ್ಟಗಳಿವೆ. ಬಂಡೆಯ ಮೇಲೆ ಮಣ್ಣು ತೆಳು. ಪ್ರತಿ ಮುಂಗಾರು ಗುಂಡನ್ನು ಕೆಳಕ್ಕೆ ಉರುಳಿಸುತ್ತದೆ. ಸಿಕ್ಕ ಜಾಗ ಬಿದ್ದ ಜಾಗವಾಗಿರಬೇಕಿಲ್ಲ. ಕಬ್ಬಿಣ ಗುಜರಿಗೆ ಹೋಗುತ್ತದೆ, ನಿಧಿಯ ಆಸೆಗೆ ವೀರಗಲ್ಲಿನ ಬುಡ ಅಗೆಯುತ್ತಾರೆ, ಬುಡ ಅಗೆದ ಕಲ್ಲು ತನ್ನ ಪದರವನ್ನೇ ಕಳೆದುಕೊಳ್ಳುತ್ತದೆ. ಇನ್ನೊಂದು ಎಚ್ಚರಿಕೆ: ಆಯುಧ ಸಿಕ್ಕಲ್ಲೆಲ್ಲ ಯುದ್ಧ ನಡೆದಿರಲಿಲ್ಲ. ಸಾವನದುರ್ಗದ ಸುತ್ತ ಬೃಹತ್ ಶಿಲಾಯುಗದ ಕಲ್ಗೋರಿಗಳ ದೊಡ್ಡ ನೆಲೆ ಇದೆ. ಕ್ಯಾಪ್ಟನ್ ಬ್ರಾನ್‌ಫಿಲ್ 1881ರಲ್ಲಿ ಅದರ ವಿವರ ಪ್ರಕಟಿಸಿದ. ಅಂಥ ಗೋರಿಗಳಲ್ಲಿ ಕಬ್ಬಿಣದ ಆಯುಧಗಳನ್ನು ಸತ್ತವರ ಜೊತೆ ಇಡುವುದು ಆ ಕಾಲದ ರೂಢಿ. 1791ರ ಕಾಳಗದ ಹುಡುಕಾಟದಲ್ಲಿ ಈಟಿಯ ಮೊನೆ ಸಿಕ್ಕರೆ ಅದು ಎರಡು ಸಾವಿರ ವರ್ಷ ಹಿಂದಿನ ಶವಸಂಸ್ಕಾರದ್ದಾಗಿರಬಹುದು.

ಚನ್ನಪಟ್ಟಣ ಮತ್ತು ಕನಕಪುರ

ಚನ್ನಪಟ್ಟಣದ ಕೋಟೆ ಜಗದೇವರಾಯನ ಮನೆತನದ್ದು, ಹದಿನಾರನೆಯ ಶತಮಾನದ ಕೊನೆಯದು. 1630ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಅದನ್ನು ಗೆದ್ದರು. 1759ರಲ್ಲಿ ಮರಾಠರ ಗೋಪಾಲ ಹರಿಯ ಪಡೆ ಊರು ಹಿಡಿಯಿತು, ಹೈದರನ ಕಡೆಯವರು ಮರಳಿ ಪಡೆದರು. ಹೈದರ್ ಮೇಲೇರಿದ್ದು ಮರಾಠರ ಎದುರು ಹೋದ ಮೈಸೂರಿನ ಆ ದಂಡಿನ ಮುಂದಾಳುತನದಿಂದ. ಕೋಟೆಯೂ ಊರೂ ಒಂದರೊಳಗೊಂದು ಬೆಳೆದಿರುವ ಕಾರಣ ಅಲ್ಲಿ ರಣಭೂಮಿಯ ಪದರ ಮನೆಗಳ ಪಾಯದ ಕೆಳಗಿದೆ.

ಕನಕಪುರದ್ದು ಬೇರೆ ಬಗೆಯ ಸಮಸ್ಯೆ. ಅಲ್ಲಿ ಆದದ್ದು ಕಾಳಗಕ್ಕಿಂತ ಹೆಚ್ಚಾಗಿ ಸುಡುವಿಕೆ. ಶ್ರೀರಂಗಪಟ್ಟಣದ ಕಡೆ ನಡೆಯುವ ಇಂಗ್ಲಿಷ್ ಸೇನೆಗೆ ಮೇವು ಕಾಳು ಸಿಗಬಾರದೆಂದು ಟಿಪ್ಪು ಆಗಿನ ಕನಕಾನಹಳ್ಳಿಯನ್ನು ಎರಡು ಸಲ ಹಾಳುಗೆಡವಿಸಿದನೆಂದು ಮೈಸೂರು ಗೆಜೆಟಿಯರ್ ದಾಖಲಿಸಿದೆ. 1791ರ ಮೇ ತಿಂಗಳ ಕಾರ್ನ್‌ವಾಲಿಸ್‌ನ ನಡಿಗೆಯೂ 1799ರ ಇಂಗ್ಲಿಷ್ ಸೇನಾನಿ ಹ್ಯಾರಿಸ್‌ನ ನಡಿಗೆಯೂ ಇದೇ ದಾರಿಯಲ್ಲಿ ಬಂದವು. ಹಳೆಯ ಊರಿನ ಕೆಳಗೆ ಬೂದಿಯ ಪದರ ಅಗೆದು ತೆಗೆದರೂ ಇದ್ದಿಲಿನ ಕಾಲಮಾಪನ ಹದಿನೆಂಟನೆಯ ಶತಮಾನದ ಒಂದು ಬೆಂಕಿಯನ್ನು ಇನ್ನೊಂದರಿಂದ ಬೇರ್ಪಡಿಸಲಾರದು. ಆ ಅವಧಿಗೆ ಅದರ ತಪ್ಪಿನ ಅಂತರವೇ ದಶಕಗಳಷ್ಟು. ಬೂದಿಯೊಳಗೆ ಮೌಲೂದಿ ವರ್ಷ ಹೊತ್ತ ಒಂದು ಆನೆ ಕಾಸು ಸಿಕ್ಕರೆ, ಕನಿಷ್ಠ ಆ ಬೆಂಕಿ ಯಾವ ವರ್ಷಕ್ಕಿಂತ ಹಿಂದಿನದಲ್ಲ ಎಂದು ಹೇಳಬಹುದು.